ಎಕ್ಸ್‌ಟರ್ನಲ್ ಬರುವ ಮೊದಲು: ಪ್ರಾಜೆಕ್ಟ್ ತಂಡಕ್ಕೆ ಕಿವಿಮಾತು

ಇಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳ ಪಾಡು ನನಗೆ ಚೆನ್ನಾಗಿ ಗೊತ್ತು. ರಿಪೋರ್ಟ್ ಬೈಂಡಿಂಗ್‌ಗೆ ಕೊಡಬೇಕು, ಗೈಡ್ ಸಹಿ ಆಗಬೇಕು, ಎಚ್‌ಒಡಿ ರಜೆಯಲ್ಲಿದ್ದಾರೆ, ಪಿಪಿಟಿ ಅರ್ಧಕ್ಕೇ ನಿಂತಿದೆ, ನಾಳೆ ಎಕ್ಸ್‌ಟರ್ನಲ್ ಬರುತ್ತಾರೆ. ಆ ಮೇಜಿನ ಎರಡೂ ಬದಿಯಲ್ಲಿ ಕುಳಿತವನು ನಾನು. ಗೈಡ್ ಆಗಿ ನಮ್ಮ ಕಾಲೇಜಿನ ಮಕ್ಕಳ ಬೆನ್ನಿಗೆ ನಿಂತಿದ್ದೇನೆ, ಪರೀಕ್ಷಕನಾಗಿ ಬೇರೆ ಕಾಲೇಜಿನ ಮಕ್ಕಳ ಎದುರು ಕುಳಿತಿದ್ದೇನೆ. ಎದುರು ಕುಳಿತಾಗ ಮನಸ್ಸಿನಲ್ಲಿ ಏಳುತ್ತಿದ್ದುದು ಹೆಚ್ಚಾಗಿ ಒಂದೇ ಪ್ರಶ್ನೆ: ‘ಇದನ್ನು ಹೀಗೇ ಯಾಕೆ ಮಾಡಿದಿರಿ?’ ಕೆಳಗಿನ ಮಾತುಗಳೆಲ್ಲ ಆ ಪ್ರಶ್ನೆಗೆ ನಿಮ್ಮ ನಾಲ್ವರಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಗಬೇಕು ಎಂಬ ಆಸೆಯಿಂದ ಬರೆದವು.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಮಾಡಿದ ಲೆಕ್ಕದ ಸಾಫ್ಟ್‌ವೇರ್ ಅಂದುಕೊಳ್ಳಿ. ಬೆಳಿಗ್ಗೆ–ಸಂಜೆ ಹಾಲು ಹಾಕಿಸಿಕೊಳ್ಳುವುದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ದರ ಕಟ್ಟುವುದು, ಹದಿನೈದು ದಿನಕ್ಕೊಮ್ಮೆ ಬಟವಾಡೆಯ ಪಟ್ಟಿ ತೆಗೆಯುವುದು, ಇಷ್ಟೇ ಕೆಲಸ.

• ಮೊದಲ ಎರಡು ನಿಮಿಷ ತಂತ್ರಜ್ಞಾನದ ಹೆಸರು ಎತ್ತಬೇಡಿ. ರಿಯಾಕ್ಟ್, ನೋಡ್, ಮಾಂಗೋ ಎಂದು ಶುರು ಮಾಡುವ ತಂಡಗಳೇ ಜಾಸ್ತಿ. ಕೇಳುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ನಮ್ಮೂರ ಡೈರಿಯಲ್ಲಿ ಬೆಳಿಗ್ಗೆ ಒಂದೂವರೆ ಗಂಟೆಯೊಳಗೆ ಊರಿನವರೆಲ್ಲ ಹಾಲು ಹಾಕಿ ಮುಗಿಯಬೇಕು, ಅಷ್ಟರಲ್ಲಿ ಕಾರ್ಯದರ್ಶಿ ಪ್ರತಿಯೊಬ್ಬರ ಹಾಲನ್ನೂ ಅಳೆದು, ಪುಸ್ತಕಕ್ಕೂ ಪಾಸ್‌ಬುಕ್ಕಿಗೂ ಎರಡು ಸಲ ಬರೆಯಬೇಕು, ಎರಡು ಕಡೆ ಅಂಕಿ ಬೇರೆ ಆದರೆ ಜಗಳ’ ಎಂದು ಹೇಳಿ ನೋಡಿ. ಪರೀಕ್ಷಕರು ಮೊಬೈಲ್ ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾರೆ.

• ಆ ಮಾತು ಹೇಳಬೇಕಾದರೆ ಡೈರಿಗೆ ಹೋಗಿರಬೇಕು. ನಾಲ್ವರೂ ಹೋಗಿರಬೇಕು. ಒಂದು ಬೆಳಿಗ್ಗೆ, ಒಂದು ಸಂಜೆ, ಕಾರ್ಯದರ್ಶಿಯ ಪಕ್ಕ ನಿಂತು ಸುಮ್ಮನೆ ನೋಡಿ. ಅವರ ಕೈ ಒದ್ದೆ ಇರುತ್ತದೆ, ಟಚ್ ಸ್ಕ್ರೀನ್ ಕೆಲಸ ಮಾಡುವುದಿಲ್ಲ ಎಂಬುದು ಲ್ಯಾಬಿನಲ್ಲಿ ಕುಳಿತವರಿಗೆ ಹೊಳೆಯುವ ಸಂಗತಿಯಲ್ಲ. ಸದಸ್ಯರನ್ನು ಅವರು ಹೆಸರಿನಿಂದ ಹುಡುಕುವುದಿಲ್ಲ, ಸದಸ್ಯತ್ವದ ನಂಬರಿನಿಂದ ಹುಡುಕುತ್ತಾರೆ ಎಂಬುದೂ ಅಲ್ಲಿಯೇ ತಿಳಿಯುವುದು. ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ‘ಎಷ್ಟೋ ಸಂಘಗಳಲ್ಲಿ ತೂಕ, ಫ್ಯಾಟ್ ಎಲ್ಲ ತಾನೇ ದಾಖಲಿಸುವ ಯಂತ್ರ ಈಗಾಗಲೇ ಇದೆಯಲ್ಲ, ನಿಮ್ಮದು ಯಾಕೆ?’ ‘ಎಕ್ಸಿಸ್ಟಿಂಗ್ ಸಿಸ್ಟಮ್’ ಎಂಬ ಸ್ಲೈಡಿನಲ್ಲಿ ‘ಎಲ್ಲವೂ ಕೈಬರಹದಲ್ಲಿದೆ’ ಎಂದು ಬರೆದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಇರುವುದನ್ನು ಇದೆ ಎಂದು ಒಪ್ಪಿಕೊಂಡು, ನಿಮ್ಮದು ಯಾವ ಸಂಘಕ್ಕೆ, ಯಾವ ಕೊರತೆಗೆ ಎಂದು ಹೇಳಿ.

• ನಿಮ್ಮ ತಂಡ ತೆಗೆದುಕೊಂಡ ಮೂರು ದೊಡ್ಡ ನಿರ್ಧಾರಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಪ್ರತಿಯೊಂದರ ಪಕ್ಕ, ಬೇರೆ ದಾರಿ ಏನಿತ್ತು, ಅದನ್ನು ಯಾಕೆ ಬಿಟ್ಟಿರಿ ಎಂದು ಬರೆಯಿರಿ. ನನ್ನ ಮಟ್ಟಿಗೆ ಇಡೀ ವೈವಾದ ಜೀವ ಇದರಲ್ಲೇ ಇದೆ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಹಾಲಿನ ದರವನ್ನೇ ತೆಗೆದುಕೊಳ್ಳಿ. ಕೋಡಿನೊಳಗೆ ನೇರವಾಗಿ ಅಂಕಿ ಬರೆದುಬಿಟ್ಟರೆ ಇವತ್ತಿಗೆ ಕೆಲಸ ನಡೆಯುತ್ತದೆ. ಆದರೆ ಸರ್ಕಾರ ಹಾಲಿಗೆ ಕೊಡುವ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿ ಇತ್ತು, 2013ರಲ್ಲಿ 4 ಆಯಿತು, 2016ರಲ್ಲಿ 5 ಆಯಿತು. ಒಕ್ಕೂಟದ ಖರೀದಿ ದರವಂತೂ ಇನ್ನೂ ಬೇಗ ಬದಲಾಗುತ್ತದೆ. ದರ ಬದಲಾದಾಗಲೆಲ್ಲ ನಿಮ್ಮನ್ನು ಹುಡುಕಿಕೊಂಡು ಬರಲು ಕಾರ್ಯದರ್ಶಿಗೆ ಆಗುತ್ತದೆಯೇ? ಹಾಗಾಗಿ ದರಕ್ಕೊಂದು ಪ್ರತ್ಯೇಕ ಟೇಬಲ್, ಅದರಲ್ಲಿ ‘ಯಾವ ದಿನದಿಂದ ಜಾರಿ’ ಎಂಬ ಕಾಲಂ. ಹಳೆಯ ತಿಂಗಳ ಪಟ್ಟಿ ಮತ್ತೆ ತೆಗೆದರೆ ಹಳೆಯ ದರದಲ್ಲೇ ಬರಬೇಕು. ಇಷ್ಟು ಹೇಳಿದರೆ ಡೇಟಾಬೇಸ್ ವಿನ್ಯಾಸ ನಿಮಗೆ ಅರ್ಥವಾಗಿದೆ ಎನ್ನಲು ಬೇರೆ ಯಾವ ಚಿತ್ರವನ್ನೂ ತೋರಿಸಬೇಕಾಗಿಲ್ಲ.

ಇನ್ನು ಹಣ. ಹಣವನ್ನು ಫ್ಲೋಟ್ ಆಗಿ ಇಟ್ಟಿದ್ದೀರಾ ಎಂದು ಅನುಭವಿ ಪರೀಕ್ಷಕರು ಕೇಳುತ್ತಾರೆ. ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ 0.1 ಎಂಬ ಅಂಕಿ ಪೂರ್ತಿ ಕೂರುವುದಿಲ್ಲ, ಕೂಡುತ್ತ ಹೋದಂತೆ ಚೂರುಪಾರು ವ್ಯತ್ಯಾಸ ಬರುತ್ತದೆ. ಪೈಸೆಯ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಟ್ಟರೆ, ಇಲ್ಲವೇ ಡೆಸಿಮಲ್ ಬಳಸಿದರೆ ಆ ತೊಂದರೆ ಇಲ್ಲ. ಅಲ್ಲಿಗೂ ಮುಗಿಯಲಿಲ್ಲ. ಹದಿನೈದು ದಿನಕ್ಕೆ ಒಬ್ಬ ಸದಸ್ಯರಿಗೆ 30 ಚೀಟಿ. ಪ್ರತಿ ಚೀಟಿಯನ್ನೂ ಪೈಸೆಗೆ ಸರಿಮಾಡಿ ಕೂಡಿದರೆ ಬರುವ ಮೊತ್ತ ಬೇರೆ, ಎಲ್ಲ ಕೂಡಿ ಕೊನೆಗೆ ಒಂದೇ ಸಲ ಸರಿಮಾಡಿದರೆ ಬರುವ ಮೊತ್ತ ಬೇರೆ ಆಗಬಹುದು. ಸದಸ್ಯರ ಕೈಯಲ್ಲಿರುವುದು ಚೀಟಿ. ಅವರು ಚೀಟಿ ಕೂಡಿಯೇ ಕೇಳುತ್ತಾರೆ, ಆದ್ದರಿಂದ ಚೀಟಿಯ ಮಟ್ಟದಲ್ಲೇ ಸರಿಮಾಡಿದೆವು ಎಂದು ಒಂದು ಹುಡುಗಿ ಹೇಳಿದರೆ, ಆ ತಂಡದ ಬಗ್ಗೆ ನನಗೆ ಮತ್ತೇನೂ ಕೇಳಬೇಕು ಅನಿಸುವುದಿಲ್ಲ.

• ಸ್ಲೈಡ್ ಹತ್ತು–ಹನ್ನೆರಡು ಸಾಕು. ಲಿಟರೇಚರ್ ಸರ್ವೆಗೆ ಒಂದೇ.

• ಡೆಮೋ ಎಂದರೆ ಮೆನುವಿನಲ್ಲಿರುವ ಎಲ್ಲ ಬಟನ್ ಒತ್ತಿ ತೋರಿಸುವುದಲ್ಲ. ಲಾಗಿನ್ ಪುಟ, ರಿಜಿಸ್ಟ್ರೇಶನ್ ಪುಟ, ‘ಫರ್ಗಾಟ್ ಪಾಸ್‌ವರ್ಡ್’ ಎಂದು ಐದು ನಿಮಿಷ ಅಲ್ಲೇ ಕಳೆಯುವವರನ್ನು ನೋಡಿ ಸಂಕಟವಾಗುತ್ತದೆ. ನಿಜವಾದ ಕೆಲಸ ತೋರಿಸುವ ಹೊತ್ತಿಗೆ ಮುಂದಿನ ಬ್ಯಾಚ್ ಬಾಗಿಲಲ್ಲಿ ನಿಂತಿರುತ್ತದೆ. ಲಾಗಿನ್ ಆಗಿಯೇ ಶುರು ಮಾಡಿ. ಒಬ್ಬ ಸದಸ್ಯರನ್ನು ಹಿಡಿದುಕೊಳ್ಳಿ: ನಂಬರ್ 47, ಲಕ್ಷ್ಮಮ್ಮ. ಇವತ್ತು ಬೆಳಿಗ್ಗೆ 6.4 ಲೀಟರ್, ಫ್ಯಾಟ್ 4.1, ಎಸ್‌ಎನ್‌ಎಫ್ 8.5. ದರ ಬಂತು, ಚೀಟಿ ಬಂತು. ಅದೇ ಲಕ್ಷ್ಮಮ್ಮನ ಹದಿನೈದು ದಿನದ ಪಟ್ಟಿ ತೆಗೆಯಿರಿ, ಈಗ ಹಾಕಿದ ಹಾಲು ಅದರ ಕೊನೆಯ ಸಾಲಿನಲ್ಲಿ ಕಾಣಲಿ. ಡೆಮೋದ ಡೇಟಾಬೇಸಿನಲ್ಲಿ ಮೊದಲೇ ಎರಡು–ಮೂರು ವಾರದ ಲೆಕ್ಕ ತುಂಬಿಸಿಟ್ಟಿರಬೇಕು. ‘ಟೆಸ್ಟ್1’, ‘ಎಬಿಸಿ’, ‘ಎಎಎ’ ಎಂಬ ಹೆಸರುಗಳು ಪರದೆಯ ಮೇಲೆ ಬಂದರೆ ಕೆಲಸ ಅವಸರದಲ್ಲಿ ಆಗಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಅದಾದ ಮೇಲೆ, ಪರೀಕ್ಷಕರು ಮಾಡುವ ಮೊದಲೇ ನೀವೇ ತಪ್ಪು ಒತ್ತಿ ತೋರಿಸಿ. ಫ್ಯಾಟ್ 4.1ರ ಬದಲು 41 ಎಂದು ಹಾಕಿ. ಒಪ್ಪಬಾರದು. ಒಂದೇ ಹೊತ್ತಿಗೆ ಒಬ್ಬರದೇ ಹಾಲನ್ನು ಎರಡು ಸಲ ದಾಖಲಿಸಿ. ಕೇಳಬೇಕು. ಧೈರ್ಯವಿದ್ದರೆ, ಉಳಿಸುವ ಬಟನ್ ಒತ್ತಿದ ಕೂಡಲೇ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿ. ಹಳ್ಳಿಯಲ್ಲಿ ಕರೆಂಟ್ ಹೋದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

• ಕಾಲೇಜಿನ ವೈಫೈ ನಂಬಬೇಡಿ. 2010ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಐಫೋನ್ 4 ತೋರಿಸಲು ವೇದಿಕೆಯಲ್ಲಿ ನಿಂತಿದ್ದಾಗ ಒಂದು ವೆಬ್ ಪುಟ ಲೋಡ್ ಆಗಲೇ ಇಲ್ಲ. ಸಭಾಂಗಣದಲ್ಲಿ ಐನೂರಕ್ಕೂ ಹೆಚ್ಚು ವೈಫೈ ಮೂಲಗಳು ಒಂದಕ್ಕೊಂದು ಅಡ್ಡ ಬರುತ್ತಿದ್ದವು. ಕೊನೆಗೆ ಅವರು ಕುಳಿತವರನ್ನೆಲ್ಲ ನಿಮ್ಮ ನಿಮ್ಮ ವೈಫೈ ಆರಿಸಿ ಎಂದು ಕೇಳಿಕೊಳ್ಳಬೇಕಾಯಿತು. ನಿಮ್ಮ ಲ್ಯಾಬಿನಲ್ಲಿ ಹಾಗೆ ಕೇಳಿಕೊಳ್ಳಲು ಆಗುವುದಿಲ್ಲ. ಸರ್ವರ್, ಡೇಟಾಬೇಸ್ ಎರಡೂ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುವಂತೆ ಒಂದು ಪ್ರತಿ ಇರಲಿ. ಕ್ಲೌಡಿನಲ್ಲೇ ತೋರಿಸಬೇಕು ಎಂದಿದ್ದರೆ ಇವಿಷ್ಟು ನೋಡಿಕೊಳ್ಳಿ: ಕಾಲೇಜಿನ ಫೈರ್‌ವಾಲ್ ಡೇಟಾಬೇಸಿನ ಪೋರ್ಟನ್ನು ತಡೆಯಬಹುದು, ಮಾಂಗೋ ಅಟ್ಲಾಸ್ ಬಳಸುವವರು ನಿಮ್ಮ ರೂಮಿನ ಐಪಿಗೆ ಮಾತ್ರ ಅನುಮತಿ ಕೊಟ್ಟಿದ್ದರೆ ಲ್ಯಾಬಿನಿಂದ ಸಂಪರ್ಕ ಸಿಗುವುದಿಲ್ಲ, ರೆಂಡರ್‌ನಂಥ ಕಡೆ ಪುಕ್ಕಟೆ ಖಾತೆಯಲ್ಲಿ ಇಟ್ಟ ಆ್ಯಪ್ ಕಾಲು ಗಂಟೆ ಯಾರೂ ಮುಟ್ಟದಿದ್ದರೆ ಮಲಗಿಬಿಡುತ್ತದೆ, ಎಬ್ಬಿಸಲು ಒಂದು ನಿಮಿಷ ಬೇಕಾಗಬಹುದು. ನಿಮ್ಮ ಸರದಿಗೆ ಮುಂಚೆ ಒಬ್ಬರು ಹೊರಗೆ ಕುಳಿತು ಅದನ್ನು ತೆರೆದಿಟ್ಟಿರಲಿ. ಒಟಿಪಿ ಬರುವವರೆಗೆ ಕಾಯುವ ಡೆಮೋ ಬೇಡವೇ ಬೇಡ. ಪರೀಕ್ಷೆಗೆಂದೇ ಒಂದು ನಂಬರ್, ಒಂದು ನಿಗದಿ ಒಟಿಪಿ ಇಟ್ಟು, ಹಾಗೆ ಇಟ್ಟಿದ್ದೇವೆ ಎಂದು ಬಾಯಿಬಿಟ್ಟು ಹೇಳಿ.

ಎಲ್ಲ ಕೈಕೊಟ್ಟರೆ ತೋರಿಸಲು ಮೂರು ನಿಮಿಷದ ವೀಡಿಯೊ ಒಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರಿ.

• ಹಿಂದಿನ ದಿನವೇ ಅದೇ ಕೊಠಡಿಯ ಅದೇ ಪ್ರೊಜೆಕ್ಟರಿಗೆ ನಿಮ್ಮ ಲ್ಯಾಪ್‌ಟಾಪ್ ಹಚ್ಚಿ ನೋಡಿ. ಹಳೆಯ ಪ್ರೊಜೆಕ್ಟರಿಗೆ ವಿಜಿಎ ಕೇಬಲ್ ಇರುತ್ತದೆ, ನಿಮ್ಮದರಲ್ಲಿ ಎಚ್‌ಡಿಎಂಐ ಅಥವಾ ಸಿ ಟೈಪ್ ಮಾತ್ರ. ಕಪ್ಪು ಹಿನ್ನೆಲೆಯ ಎಡಿಟರ್ ಬೆಳಕಿರುವ ಕೊಠಡಿಯಲ್ಲಿ ಏನೇನೂ ಕಾಣದು. ಬಿಳಿ ಹಿನ್ನೆಲೆ, ದೊಡ್ಡ ಅಕ್ಷರ ಮಾಡಿಡಿ. ವಾಟ್ಸ್‌ಆ್ಯಪ್ ವೆಬ್ ಮುಚ್ಚಿ. ಚಾರ್ಜರ್ ಮರೆಯಬೇಡಿ.

• ಡೆಮೋ ಹಿಂದಿನ ರಾತ್ರಿ ಕೋಡ್ ಮುಟ್ಟಬೇಡಿ. ಎರಡು ದಿನ ಮೊದಲು, ಎಲ್ಲ ಸರಿಯಾಗಿ ಓಡಿದ ಹೊತ್ತಿನಲ್ಲಿ ಗಿಟ್‌ನಲ್ಲಿ ಒಂದು ಟ್ಯಾಗ್ ಹಾಕಿ, ಆ ಪ್ರತಿಯನ್ನೇ ಎರಡು ಲ್ಯಾಪ್‌ಟಾಪಿನಲ್ಲಿ ಹಾಕಿಡಿ. ಆಮೇಲೆ ಕಂಡ ಸಣ್ಣ ದೋಷವನ್ನು ಕಾಗದದ ಮೇಲೆ ಬರೆದುಕೊಳ್ಳಿ, ಕೇಳಿದರೆ ‘ಗೊತ್ತಿದೆ, ಹೀಗೆ ಸರಿಮಾಡಬೇಕು’ ಎನ್ನಿ. ರಾತ್ರಿ ಎರಡು ಗಂಟೆಗೆ ಬಟನ್ನಿನ ಬಣ್ಣ ಬದಲಿಸಲು ಹೋಗಿ ಬೆಳಿಗ್ಗೆ ಏನೂ ಓಡದೆ ಕಣ್ಣೀರು ಹಾಕಿದ ತಂಡಗಳನ್ನು ಕಂಡಿದ್ದೇನೆ.

• ಕನ್ನಡ ಅಕ್ಷರ ಬಳಸುವ ಪ್ರಾಜೆಕ್ಟ್ ಆಗಿದ್ದರೆ ಮೊದಲಿಗೆ ನಿಮಗೆ ಶಹಬ್ಬಾಸ್. ಆದರೆ ಎಚ್ಚರ. ಪಿಡಿಎಫ್ ಮಾಡುವ ಕೆಲವು ಲೈಬ್ರರಿಗಳಿಗೆ ಕನ್ನಡದ ಅಕ್ಷರ ಜೋಡಿಸಲು ಬರುವುದಿಲ್ಲ. ಪರದೆಯ ಮೇಲೆ ಚಂದವಾಗಿದ್ದ ‘ಲಕ್ಷ್ಮಮ್ಮ’ ಚೀಟಿಯಲ್ಲಿ ಒತ್ತಕ್ಷರವೆಲ್ಲ ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿಯಾಗುತ್ತದೆ. ವೆಬ್ ಪುಟವಾಗಿ ತಯಾರಿಸಿ ಬ್ರೌಸರಿನಿಂದಲೇ ಪಿಡಿಎಫ್ ತೆಗೆದರೆ ಸರಿಯಾಗಿ ಬರುತ್ತದೆ. ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮೈಎಸ್‌ಕ್ಯೂಎಲ್‌ನ ಕ್ಯಾರೆಕ್ಟರ್ ಸೆಟ್ ನೋಡಿ. ಸಂಘದಿಂದ ತಂದ ಹಳೆಯ ಸದಸ್ಯರ ಪಟ್ಟಿ ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಆಗಿರುವ ಸಾಧ್ಯತೆ ಬಹಳ, ಅದನ್ನು ನೇರವಾಗಿ ತುಂಬಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಒಂದೊಂದೇ ಹೆಸರು ಓದಿ ನೋಡಿ. ಈ ಕಷ್ಟ ಬಗೆಹರಿಸಿದ್ದರೆ ಅದನ್ನು ಸ್ಲೈಡಿನಲ್ಲಿ ಹಾಕಿ. ಇಂಥ ಕೆಲಸವನ್ನು ಮಕ್ಕಳು ಕ್ಷುಲ್ಲಕ ಎಂದು ಮುಚ್ಚಿಡುತ್ತಾರೆ. ಪಾಸ್‌ಬುಕ್ಕಿನಲ್ಲಿ ತನ್ನ ಹೆಸರು ಸರಿಯಾಗಿ ಕಾಣಬೇಕು ಎನ್ನುವ ಹೆಣ್ಣುಮಗಳಿಗೆ ಅದು ಕ್ಷುಲ್ಲಕವಲ್ಲ.

• ಮಷೀನ್ ಲರ್ನಿಂಗ್ ತಂಡಗಳಿಗೆ ಒಂದು ಮಾತು. ‘ನಮ್ಮ ಅಕ್ಯುರಸಿ 99 ಪರ್ಸೆಂಟ್’ ಎಂದ ಕೂಡಲೇ ಪರೀಕ್ಷಕರಿಗೆ ಅನುಮಾನ ಬರುತ್ತದೆ, ಬರಲೇಬೇಕು. ಎಲೆಯ ಚಿತ್ರ ನೋಡಿ ರೋಗ ಹೇಳುವ ಪ್ರಾಜೆಕ್ಟ್ ಪ್ರತಿ ವರ್ಷ ಪ್ರತಿ ಕಾಲೇಜಿನಲ್ಲೂ ಇರುತ್ತದೆ, ಹೆಚ್ಚಿನವರು ಬಳಸುವುದು ಪ್ಲಾಂಟ್‌ವಿಲೇಜ್ ಎಂಬ 54 ಸಾವಿರ ಚಿಲ್ಲರೆ ಚಿತ್ರಗಳ ಸಂಗ್ರಹ. ಅದರಲ್ಲಿ ಎಲೆಯನ್ನು ಕಿತ್ತು, ಒಂದೇ ಬಣ್ಣದ ಹಿನ್ನೆಲೆಯ ಮೇಲಿಟ್ಟು ಫೋಟೊ ತೆಗೆದಿದ್ದಾರೆ. ಆ ಸಂಗ್ರಹದ ಮೇಲೆ 2016ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಬಂಧದಲ್ಲೇ ಶೇಕಡಾ 99.35 ನಿಖರತೆಯ ಜೊತೆಗೆ ಇನ್ನೊಂದು ಅಂಕಿಯೂ ಇದೆ: ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇಕಡಾ 31ರ ಆಸುಪಾಸಿಗೆ ಇಳಿಯಿತು. ಬರೆದವರು ಅದನ್ನು ಮುಚ್ಚಿಡಲಿಲ್ಲ. ನೀವೂ ಮುಚ್ಚಿಡಬೇಡಿ. ಊರಿಗೆ ಹೋದಾಗ ತೋಟದಲ್ಲಿ ನಿಂತು, ನೆರಳು–ಬಿಸಿಲು ಬಿದ್ದ ಎಲೆಗಳ ಐವತ್ತು ಫೋಟೊ ತೆಗೆಯಿರಿ, ನಿಮ್ಮ ಮಾಡೆಲಿಗೆ ಕೊಡಿ, ಬಂದದ್ದನ್ನು ಹಾಗೇ ಸ್ಲೈಡಿನಲ್ಲಿ ಹಾಕಿ. ನಲವತ್ತು ಪರ್ಸೆಂಟ್ ಬಂದರೂ ಸರಿ. ಯಾವ ರೋಗವನ್ನು ಯಾವುದೆಂದು ತಪ್ಪು ತಿಳಿಯಿತು ಎಂಬ ಕೋಷ್ಟಕ ತೋರಿಸಿ ಮಾತಾಡಿದರೆ ಆ ನಲವತ್ತಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಬೆಲೆ.

• ಟೆಸ್ಟಿಂಗ್ ಅಧ್ಯಾಯದಲ್ಲಿ ಇಪ್ಪತ್ತು ಸಾಲು, ಇಪ್ಪತ್ತರಲ್ಲೂ ‘ಪಾಸ್’. ಅದನ್ನು ಯಾರೂ ನಂಬುವುದಿಲ್ಲ. ಎಲ್ಲಿ ಫೇಲ್ ಆಯಿತು, ಆಮೇಲೆ ಏನು ಮಾಡಿದಿರಿ ಎಂಬ ಎರಡು ಸಾಲು ಇರಲಿ.

• ನಾಲ್ವರೂ ಮಾತಾಡಬೇಕು, ಆದರೆ ಸ್ಲೈಡ್ ಹಂಚಿಕೊಂಡು ಅಲ್ಲ. ‘ಇಂಟ್ರೊಡಕ್ಷನ್ ನೀನು, ಕನ್‌ಕ್ಲೂಷನ್ ಅವಳು’ ಎಂದು ಹಂಚಿದರೆ ಒಬ್ಬರು ಮಾಡಿದ್ದನ್ನು ಮತ್ತೊಬ್ಬರು ಬಾಯಿಪಾಠ ಒಪ್ಪಿಸುತ್ತಾರೆ. ಯಾರು ಯಾವ ಭಾಗ ಕಟ್ಟಿದರೋ ಅವರೇ ಆ ಭಾಗ ಹೇಳಲಿ. ಉಳಿದ ಮೂವರು ಆ ಭಾಗದ ಬಗ್ಗೆ ಒಂದೊಂದು ಪ್ರಶ್ನೆಗಾದರೂ ಉತ್ತರ ಕಲಿತಿರಲಿ, ಏಕೆಂದರೆ ಪರೀಕ್ಷಕರು ಸುಮ್ಮನೆ ನಿಂತವರನ್ನೇ ಆರಿಸಿ ಕೇಳುತ್ತಾರೆ. ಗಿಟ್ ಲಾಗ್ ತೆರೆಯಿರಿ ಎನ್ನುವವರೂ ಇದ್ದಾರೆ. ನಾಲ್ವರೂ ಒಂದೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದ್ದರಿಂದ ಎಲ್ಲ ಕಮಿಟ್ ಒಬ್ಬರ ಹೆಸರಿನಲ್ಲಿದ್ದರೆ, ಕೇಳುವ ಮೊದಲೇ ಹೇಳಿ. ಲ್ಯಾಪ್‌ಟಾಪ್ ಇಲ್ಲದ ಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಗೆಳೆಯ ತಪ್ಪು ಹೇಳಿದರೆ ನಡುವೆ ಬಾಯಿ ಹಾಕಬೇಡಿ. ಮಾತು ಮುಗಿದ ಮೇಲೆ ‘ಸರ್, ಇದಕ್ಕೆ ಒಂದು ಸೇರಿಸಲಾ?’ ಎಂದು ಕೇಳಿ. ಎಕ್ಸ್‌ಟರ್ನಲ್ ಎದುರು ತಂಡ ಒಡೆದು ಕಂಡರೆ ಕೆಲಸ ಎಷ್ಟು ಚೆನ್ನಾಗಿದ್ದರೂ ಮನಸ್ಸು ಮುದುಡುತ್ತದೆ.

• ಪ್ರಾಜೆಕ್ಟ್ ಸೆಂಟರಿನಲ್ಲಿ ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಅಪ್ಪ–ಅಮ್ಮ ಕಳಿಸಿದ ಹಣವನ್ನು ಅದಕ್ಕೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಚಿಕ್ಕದಾದರೂ ನಿಮ್ಮದೇ ಇರಲಿ. ಚಾಟ್‌ಜಿಪಿಟಿ, ಕೋಪೈಲಟ್ ಬಳಸಿದ್ದರೆ ಬಳಸಿದೆವು ಎನ್ನಿ. ಆದರೆ ಪರದೆಯ ಮೇಲಿರುವ ಯಾವ ಫಂಕ್ಷನ್ ಮೇಲೆ ಬೆರಳಿಟ್ಟರೂ ಅದು ಏನು ಮಾಡುತ್ತದೆ, ಯಾವ ಅಂಕಿ ಬಂದರೆ ಮುರಿದುಬೀಳುತ್ತದೆ ಎಂದು ವಿವರಿಸಲು ಬರಬೇಕು. ಬೇರೆಡೆ ಸರಿಯಾಗಿ ಓಡಿದ ಕೋಡ್ ನಿಮ್ಮಲ್ಲೂ ಓಡುತ್ತದೆ ಎಂಬ ಭರವಸೆ ಇಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿದ ನಲವತ್ತು ಸೆಕೆಂಡಿನೊಳಗೆ ನಾಶವಾಯಿತು. ಹಿಂದಿನ ಏರಿಯಾನ್ 4ರಲ್ಲಿ ತೊಂದರೆಯಿಲ್ಲದೆ ನಡೆದಿದ್ದ ತಂತ್ರಾಂಶವನ್ನೇ ಅದಕ್ಕೂ ಹಾಕಿದ್ದರು. ಹೊಸ ರಾಕೆಟ್ಟಿನ ವೇಗಕ್ಕೆ ಬಂದ ದೊಡ್ಡ ಅಂಕಿ 16 ಬಿಟ್‌ನ ಜಾಗದಲ್ಲಿ ಹಿಡಿಸಲಿಲ್ಲ. ತಂದ ಕೋಡನ್ನು ನಿಮ್ಮ ಅಂಕಿಗಳಲ್ಲಿ ಓಡಿಸಿ ನೋಡಿದ್ದೀರಾ ಎಂದು ನಾನು ಕೇಳುತ್ತಿದ್ದುದು ಇದೇ ಕಾರಣಕ್ಕೆ.

• ಇನ್ನು ಇಂಗ್ಲಿಷ್. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಎಷ್ಟೋ ಮಕ್ಕಳು, ತಂಡದಲ್ಲಿ ಅತಿ ಹೆಚ್ಚು ಕೆಲಸ ಮಾಡಿದವರು, ವೈವಾದಲ್ಲಿ ಗೋಡೆಗೆ ಒರಗಿ ನಿಂತುಬಿಡುತ್ತಾರೆ. ಇದು ನನ್ನನ್ನು ಬಹಳ ಕಾಡಿದ ಸಂಗತಿ. ಬಾಯಿಪಾಠ ಮಾಡಿದ ಇಂಗ್ಲಿಷ್ ಪ್ಯಾರಾ ನಡುವೆ ಒಂದು ಪದ ಮರೆತರೆ ಮುಂದಿನದೆಲ್ಲ ಮರೆಯುತ್ತದೆ. ಅದರ ಬದಲು ಹೀಗೆ ಮಾಡಿ: ನಿಮ್ಮ ಭಾಗವನ್ನು ಮೊದಲು ಕನ್ನಡದಲ್ಲಿ ಮನೆಯವರಿಗೆ ಹೇಳಿ, ಅವರು ‘ಹಂಗಂದ್ರೆ?’ ಎಂದು ಕೇಳಿದ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಅಲ್ಲಿ ನಿಮಗೇ ಪೂರ್ತಿ ಅರ್ಥವಾಗಿಲ್ಲ. ಅದು ಬಗೆಹರಿದ ಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿಕೊಳ್ಳಿ. ಟೇಬಲ್, ಕ್ವೆರಿ, ಸರ್ವರ್ ಎಂಬ ಪದಗಳು ಹೇಗೂ ಎರಡು ಭಾಷೆಗೂ ಒಂದೇ. ವೈವಾದಲ್ಲಿ ತಡವರಿಸಿದರೆ, ‘ಸರ್, ಇದೊಂದನ್ನ ಕನ್ನಡದಲ್ಲಿ ಹೇಳ್ಲಾ?’ ಎಂದು ಕೇಳಿ. ನನ್ನ ಜೊತೆ ಪರೀಕ್ಷಕರಾಗಿ ಬಂದವರಲ್ಲಿ ಬೇಡ ಎಂದವರು ಬಹಳ ಕಡಿಮೆ.

• ಪ್ರಶ್ನೆ ಪೂರ್ತಿ ಕೇಳಿಸಿಕೊಂಡು ಉತ್ತರಿಸಿ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ ಸರ್’ ಎನ್ನಿ, ಕೂಡಲೇ ‘ಆದರೆ ನಾವು ಇಷ್ಟು ನೋಡಿದ್ದೆವು’ ಎಂದು ಗೊತ್ತಿರುವಲ್ಲಿಗೆ ಬನ್ನಿ. ‘ಹತ್ತು ಸಾವಿರ ಸಂಘ ಒಟ್ಟಿಗೆ ಬಳಸಿದರೆ?’ ಎಂಬ ಪ್ರಶ್ನೆಗೆ ‘ಆಗುತ್ತೆ ಸರ್’ ಎಂದು ತಲೆಯಾಡಿಸಬೇಡಿ. ಒಂದು ಸಂಘಕ್ಕೆ ಕಟ್ಟಿದ್ದೇವೆ, ಇಪ್ಪತ್ತು ಜನ ಒಟ್ಟಿಗೆ ಬಳಸುವಂತೆ ಪರೀಕ್ಷಿಸಿದ್ದೇವೆ, ಅದಕ್ಕಿಂತ ಹೆಚ್ಚಾದರೆ ಮೊದಲು ಸೋಲುವುದು ಈ ಭಾಗ ಎಂದು ತೋರಿಸಿ.

• ‘ಫ್ಯೂಚರ್ ಎನ್‌ಹಾನ್ಸ್‌ಮೆಂಟ್’ ಸ್ಲೈಡಿನಲ್ಲಿ ಬ್ಲಾಕ್‌ಚೈನ್ ಬೇಡ. ಕಾರ್ಯದರ್ಶಿ ಕೇಳಿದ್ದು, ನೀವು ಮಾಡಲಾಗದೆ ಬಿಟ್ಟದ್ದು ಏನೋ ಇರುತ್ತದಲ್ಲ, ಅದನ್ನು ಬರೆಯಿರಿ.

• ರಿಪೋರ್ಟಿನಲ್ಲಿ ಇರುವ ಸ್ಕ್ರೀನ್‌ಶಾಟ್, ಡೆಮೋದಲ್ಲಿ ಕಾಣುವ ಪರದೆ ಎರಡೂ ಒಂದೇ ಇರಲಿ. ಸರ್ಟಿಫಿಕೇಟ್ ಪುಟದಲ್ಲಿ ಯುಎಸ್‌ಎನ್ ಸರಿಯಿದೆಯೇ ಎಂದು ಬೈಂಡಿಂಗ್‌ಗೆ ಮೊದಲು ನಾಲ್ವರೂ ನೋಡಿ. ಗಿಟ್‌ಹಬ್‌ಗೆ ಹಾಕಿದ ಕೋಡಿನಲ್ಲಿ ಪಾಸ್‌ವರ್ಡ್, ಎಪಿಐ ಕೀ ಉಳಿದಿದ್ದರೆ ಅಳಿಸಿದರಷ್ಟೇ ಸಾಲದು, ಹಳೆಯ ಕಮಿಟ್‌ಗಳಲ್ಲಿ ಅದು ಇದ್ದೇ ಇರುತ್ತದೆ, ಕೀಯನ್ನೇ ಬದಲಿಸಿ.

• ವೈವಾ ಮುಗಿದ ಕೂಡಲೇ ಕ್ಯಾಂಟೀನಿಗೆ ಓಡುವ ಮುನ್ನ, ಕೇಳಿದ ಪ್ರಶ್ನೆಗಳನ್ನೆಲ್ಲ ನಾಲ್ವರೂ ಕುಳಿತು ಬರೆದುಕೊಳ್ಳಿ. ಕೆಲಸದ ಸಂದರ್ಶನಕ್ಕೆ ಹೋದಲ್ಲಿ ಇದೇ ಪ್ರಾಜೆಕ್ಟ್ ಬಗ್ಗೆ ಕೇಳುತ್ತಾರೆ. ಉತ್ತರ ಬಾರದೆ ಉಳಿದ ಪ್ರಶ್ನೆ ಇದ್ದರೆ ಆ ವಾರದಲ್ಲೇ ಹುಡುಕಿ ಓದಿ.

• ಡೈರಿಗೆ ಮತ್ತೊಮ್ಮೆ ಹೋಗಿ. ಸಂಘ ಅದನ್ನು ಬಳಸುತ್ತೇವೆ ಎಂದರೆ ಹಾಕಿಕೊಟ್ಟು, ಪ್ರತಿದಿನ ಬ್ಯಾಕಪ್ ತೆಗೆಯುವುದು ಹೇಗೆ ಎಂದು ಕನ್ನಡದಲ್ಲಿ ಅರ್ಧ ಪುಟ ಬರೆದು ಗೋಡೆಗೆ ಅಂಟಿಸಿ, ಕಾರ್ಯದರ್ಶಿಯ ಕೈಯಿಂದಲೇ ಒಮ್ಮೆ ಮಾಡಿಸಿ. ಮೊದಲ ಒಂದು ತಿಂಗಳು ಪುಸ್ತಕದಲ್ಲೂ ಬರೆಯುತ್ತಿರಲಿ, ಎರಡು ಬಟವಾಡೆಯಲ್ಲಿ ಎರಡೂ ಲೆಕ್ಕ ತಾಳೆಯಾದ ಮೇಲೆ ಪುಸ್ತಕ ಬಿಡಲಿ. ಬಳಸುವುದಿಲ್ಲ ಎಂದರೆ ಯಾಕೆ ಎಂದು ಕೇಳಿಕೊಂಡು ಬನ್ನಿ, ನೋಡಲು ಕೊಟ್ಟಿದ್ದ ಸದಸ್ಯರ ಪಟ್ಟಿಯನ್ನು ನಿಮ್ಮ ಲ್ಯಾಪ್‌ಟಾಪಿನಿಂದ ಅಳಿಸಿ, ಅಳಿಸಿದ್ದೇವೆ ಎಂದು ಅವರಿಗೆ ತಿಳಿಸಿ.